ಒಂದೇ ಕಿಂಡಿ, ನಾಲ್ಕು ರೂಲ್‌ಬುಕ್

ದಾವಣಗೆರೆಯಲ್ಲಿ ನಮ್ಮದು ಐದು ಜನರ ಗುಂಪು. ಅಕ್ಕ, ಭಾವ, ಪಿಯು ಕಾಲೇಜಿನಲ್ಲಿ ಗಣಿತ ಹೇಳುವ ಮೇಷ್ಟ್ರು, ಪಕ್ಕದ ಮನೆಯ ಕಾಲೇಜು ಹುಡುಗಿ, ಮತ್ತೆ ಆಟ ನಡೆಸುವ ನಾನು. ಭಾನುವಾರ ಊಟ ಮುಗಿಸಿ ನಮ್ಮ ಮನೆ ಮಹಡಿ ಮೇಲೆ ಕೂತರೆ ಎದ್ದೇಳೋದು ದೀಪ ಹಚ್ಚುವ ಹೊತ್ತಿಗೆ. ಅಮ್ಮ ಇವತ್ತಿಗೂ "ಪಗಡೆ ಮುಗೀತಾ?" ಅಂತಲೇ ಕೇಳುತ್ತಾಳೆ. ಇಷ್ಟು ವರ್ಷ ಆಡಿದ್ದು ಒಂದೇ ಆಟ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್, 2014ರ ಐದನೇ ಆವೃತ್ತಿ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಆಗುತ್ತಾರೆ, ಏನಾಗುತ್ತೆ ಅನ್ನೋದನ್ನು ಡೈಸ್ ಹೇಳುತ್ತೆ. ಹೋದ ಮಳೆಗಾಲದಲ್ಲಿ ನಮ್ಮ ದೊಡ್ಡ ಕ್ಯಾಂಪೇನ್, ಅಂದರೆ ವಾರದಿಂದ ವಾರಕ್ಕೆ ಮುಂದುವರಿಯುವ ಕಥೆ, ಮುಗಿಯಿತು. ಮುಂದೇನು ಅಂದರೆ ನಾಲ್ಕು ಜನ ನಾಲ್ಕು ಪುಸ್ತಕದ ಹೆಸರು ಹೇಳಿದರು.

ವಾದ ಮಾಡಿ ಸುಸ್ತಾಗಿ, ಆಡಿಯೇ ನೋಡೋಣ ಅಂದೆ. ಆದರೆ ಒಂದೊಂದು ಆಟಕ್ಕೆ ಒಂದೊಂದು ಕಥೆ ಇಟ್ಟರೆ ಚೆನ್ನಾಗಿದ್ದದ್ದು ಕಥೆಯೋ ರೂಲೋ ಗೊತ್ತಾಗಲ್ಲ. ನಾಲ್ಕಕ್ಕೂ ಒಂದೇ ಸನ್ನಿವೇಶ ಬೇಕಿತ್ತು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ, ಚಿತ್ರದುರ್ಗ ಇಲ್ಲಿಂದ ಒಂದು ಗಂಟೆ ದಾರಿ. ಕೋಟೆಗೆ ಹೋದಾಗಲೆಲ್ಲ ಒನಕೆ ಓಬವ್ವನ ಕಿಂಡಿ ಮುಂದೆ ನಿಂತು ನಾವು ಆಡುವುದು ಇದೇ ಮಾತು: ಆ ಕಡೆ ಎಷ್ಟು ಜನ ಇದ್ದರೂ ಈ ಕಡೆ ತಲೆ ತೂರಿಸೋದು ಒಬ್ಬೊಬ್ಬರೇ. ಹೈದರಾಲಿಯ ಸೈನಿಕರಿಗೆ ಆದದ್ದು ಅದೇ ಅಲ್ವಾ? ಕೋಟೆ ಕೊನೆಗೆ 1779ರಲ್ಲಿ ಅವನ ಪಾಲಾಯಿತು, ಅದು ಬೇರೆ ಮಾತು.

ಹೀಗಾಗಿ ನನ್ನ ಸನ್ನಿವೇಶ ತುಂಬಾ ಸರಳ. ಒಂದು ಕಲ್ಪನೆಯ ಬೆಟ್ಟದ ಕೋಟೆ, ರಾತ್ರಿ ಹೊತ್ತು. ಕಿಂಡಿಯಿಂದ ಹನ್ನೆರಡು ಜನ ನುಗ್ಗುತ್ತಾರೆ. ಒಳಗಿನ ಗುಡಿಯ ಭಂಡಾರವನ್ನು ಹಿಂಬಾಗಿಲಿನಿಂದ ಸಾಗಿಸಬೇಕು. ಎಲ್ಲರೂ ಮೊದಲನೇ ಲೆವೆಲ್. ನಾಲ್ಕೂ ಆಟದಲ್ಲಿ ಒನಕೆ ಹಿಡಿಯುವವಳು ಅಕ್ಕ, ಅದರಲ್ಲಿ ಚರ್ಚೆಗೆ ಅವಕಾಶವೇ ಇರಲಿಲ್ಲ.

ಮೊದಲು 2024ರ ಹೊಸ ಡಿ ಅಂಡ್ ಡಿ. ಕಲಿಯುವುದಕ್ಕೆ ಹೆಚ್ಚೇನೂ ಇರಲಿಲ್ಲ, ಹಳೇ ಮನೆಗೆ ಸುಣ್ಣ ಬಳಿದ ಹಾಗಿದೆ. ದೊಡ್ಡ ಬದಲಾವಣೆ ಅಂದರೆ ವೆಪನ್ ಮಾಸ್ಟರಿ, ಅಂದರೆ ಪ್ರತಿ ಆಯುಧಕ್ಕೂ ಅದರದ್ದೇ ಒಂದು ಪಟ್ಟು. ಒನಕೆಗೆ ಹತ್ತಿರದ ಆಯುಧ ಗ್ರೇಟ್‌ಕ್ಲಬ್, ಅದರ ಪಟ್ಟು 'ಪುಶ್': ಏಟು ಬಿದ್ದವನನ್ನು 10 ಅಡಿ ಹಿಂದಕ್ಕೆ ತಳ್ಳಬಹುದು. ಅಕ್ಕನಿಗೆ ಖುಷಿಯೋ ಖುಷಿ. ನುಗ್ಗುವವರು ಬಂಡಿಟ್‌ಗಳು, ಅವರ ಎಸಿ, ಅಂದರೆ ಏಟು ಬೀಳಲು ಮುಟ್ಟಬೇಕಾದ ಸಂಖ್ಯೆ, 12. ಇಪ್ಪತ್ತು ಮುಖದ ಡೈಸ್‌ನಲ್ಲಿ ಬಂದದ್ದಕ್ಕೆ ಅವಳಿಗೆ +5, ಕಿಂಡಿಯಲ್ಲಿ ಸಿಕ್ಕಿಕೊಂಡವನಿಗೆ ಹೊಡೆಯುವಾಗ ನಾನು ಅಡ್ವಾಂಟೇಜ್ ಬೇರೆ ಕೊಟ್ಟೆ, ಅಂದರೆ ಎರಡು ಸಲ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಮೇಷ್ಟ್ರು ಅಲ್ಲೇ ಲೆಕ್ಕ ಹಾಕಿ ನೂರಕ್ಕೆ 91 ಸಲ ಏಟು ಬೀಳುತ್ತೆ ಅಂದರು. ಬಿತ್ತು ಕೂಡ. ಆದರೆ ಹಿಂದಕ್ಕೆ ತಳ್ಳಿಸಿಕೊಂಡವನು ತನ್ನ ಟರ್ನ್‌ನಲ್ಲಿ ಮತ್ತೆ ನಡೆದುಕೊಂಡು ಅದೇ ಜಾಗಕ್ಕೆ ಬರುತ್ತಾನೆ, ಯಾಕೆಂದರೆ ಅವನು ಒಂದು ಟರ್ನ್‌ಗೆ 30 ಅಡಿ ನಡೆಯಬಲ್ಲ. ಬಂಡಿಟ್‌ಗೆ 11 ಎಚ್‌ಪಿ, ಅಂದರೆ ಅಷ್ಟು ಪ್ರಾಣ, ಅಕ್ಕನ ಏಟು ಸರಾಸರಿ ಏಳೂವರೆ, ಹಾಗಾಗಿ ಒಬ್ಬನಿಗೆ ಎರಡು ಏಟು. ತಳ್ಳು, ಬಾ, ತಳ್ಳು, ಬಾ. ಮೂರನೇ ರೌಂಡಿಗೆ ಜಾತ್ರೆಯ ತೊಟ್ಟಿಲು ನೋಡಿದ ಹಾಗೆ ಆಯಿತು.

ನನಗೆ ಬೇಸರವಾದದ್ದು ಇನ್ನೊಂದು. ಅಕ್ಕನ ಎಚ್‌ಪಿ ಎರಡು ಸಲ ಸೊನ್ನೆಗೆ ಬಂದು ಬಿದ್ದಳು. ಎರಡು ಸಲವೂ ಭಾವ ಹಿಂದಿನಿಂದಲೇ ಹೀಲಿಂಗ್ ವರ್ಡ್ ಅನ್ನೋ ಮಂತ್ರ ಹೇಳಿ ಎಬ್ಬಿಸಿದರು, ಅದೂ ಬೋನಸ್ ಆ್ಯಕ್ಷನ್‌ನಲ್ಲಿ, ಅಂದರೆ ಟರ್ನ್‌ನ ಮುಖ್ಯ ಆ್ಯಕ್ಷನ್ ಖರ್ಚಾಗದೆ. ಬಿದ್ದಾಗ ಯಾರ ಎದೆಯೂ ಧಸಕ್ ಅನ್ನಲಿಲ್ಲ. ಹುಡುಗಿ ಅಂತೂ ಆ ಹೊತ್ತಿಗೆ ಫೋನ್ ನೋಡುತ್ತಿದ್ದಳು. ಒಟ್ಟು ಒಂದು ಗಂಟೆ ಹತ್ತು ನಿಮಿಷ, ಎಲ್ಲರೂ ಬದುಕಿದರು, ಭಂಡಾರವೂ ಸಿಕ್ಕಿತು. ಕೆಟ್ಟದಾಗಿತ್ತಾ? ಇಲ್ಲ. ಮಾರನೇ ದಿನ ಯಾರೂ ಅದರ ಮಾತೆತ್ತಲಿಲ್ಲ, ಅಷ್ಟೇ.

ಎರಡನೇ ಭಾನುವಾರ ಪಾಥ್‌ಫೈಂಡರ್ ಎರಡನೇ ಆವೃತ್ತಿ. 2019ರಲ್ಲಿ ಬಂದದ್ದು, 2023ರ ನವೆಂಬರ್‌ನಲ್ಲಿ ಪುಸ್ತಕಗಳನ್ನು ತಿದ್ದಿ ಬರೆದಿದ್ದಾರೆ. ಅದೇ ವರ್ಷ ಜನವರಿಯಲ್ಲಿ ಡಿ ಅಂಡ್ ಡಿ ರೂಲ್ಸ್ ಬೇರೆಯವರೂ ಬಳಸಲು ಕೊಟ್ಟಿದ್ದ ಲೈಸೆನ್ಸ್ ಬದಲಾಗುತ್ತೆ ಅಂತ ಸುದ್ದಿ ಹಬ್ಬಿ ದೊಡ್ಡ ಗಲಾಟೆ ಆಗಿತ್ತಲ್ಲ, ಅದರಿಂದ ಬಿಡಿಸಿಕೊಳ್ಳೋದಕ್ಕೆ. ಇದರ ರೂಲ್ಸ್ ಪೂರ್ತಿ ಆರ್ಕೈವ್ಸ್ ಆಫ್ ನೆಥಿಸ್ ಅನ್ನೋ ವೆಬ್‌ಸೈಟ್‌ನಲ್ಲಿ ಬಿಟ್ಟಿ ಸಿಗುತ್ತೆ, ದುಡ್ಡು ಕೊಡದೆ ಆಡಬಹುದು. ಆದರೆ ಹೊತ್ತು ಕೊಡಬೇಕು. ಕ್ಯಾರೆಕ್ಟರ್ ಮಾಡುವುದಕ್ಕೇ ಒಂದು ಭಾನುವಾರ ಹೋಯಿತು. ಹುಡುಗಿ ಫೀಟ್‌ಗಳ, ಅಂದರೆ ಆರಿಸಿಕೊಳ್ಳಬೇಕಾದ ವಿಶೇಷ ಸಾಮರ್ಥ್ಯಗಳ, ಪಟ್ಟಿ ನೋಡಿ "ಇದು ಸಿಇಟಿ ಕೌನ್ಸೆಲಿಂಗ್ ಥರ ಇದೆ" ಅಂದಳು.

ಆಟ ಶುರುವಾದ ಮೇಲೆ ಮಾತ್ರ ಮಜಾ ಇದೆ. ಪ್ರತಿ ಟರ್ನ್‌ಗೆ ಮೂರು ಆ್ಯಕ್ಷನ್. ನಡೆದರೂ ಒಂದು, ಹೊಡೆದರೂ ಒಂದು, ಹೆದರಿಸಿದರೂ ಒಂದು. ಇಷ್ಟು ಹೇಳಿದರೆ ಭಾವನಿಗೂ ಅರ್ಥವಾಗುತ್ತೆ. ಇನ್ನೊಂದು, ಬೇಕಾದ ಸಂಖ್ಯೆಗಿಂತ 10 ಜಾಸ್ತಿ ಬಂದರೆ ಕ್ರಿಟಿಕಲ್. ಅಕ್ಕನಿಗೆ +9, ಎದುರಾಳಿಗೆ ಎಸಿ 15, ಅಂದರೆ ಡೈಸ್ ಮೇಲೆ 16 ಬಿದ್ದರೇ ಡಬಲ್ ಏಟು. ಮೇಷ್ಟ್ರು ಬಾರ್ಡ್ ಆಗಿದ್ದರು, ಹಿಂದೆ ನಿಂತು ಹಾಡು ಹೇಳಿದರೆ ಅಕ್ಕನಿಗೆ +1. ಒಂದೇ ಒಂದು! ಡಿ ಅಂಡ್ ಡಿಯಲ್ಲಾದರೆ ಅದನ್ನು ಯಾರೂ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಇಲ್ಲಿ ಅಕ್ಕ ಡೈಸ್ ಹಾಕಿದಳು, 15 ಬಿತ್ತು. ಒಂಬತ್ತು ಕೂಡಿಸಿದರೆ 24. ಎಲ್ಲರೂ ಮೇಷ್ಟ್ರ ಮುಖ ನೋಡಿದೆವು. ಅವರು ಕನ್ನಡಕ ಒರೆಸಿಕೊಂಡು, "25 ಕಣಮ್ಮ" ಅಂದರು. ಆ ಮನುಷ್ಯ ಅಷ್ಟು ಖುಷಿಯಾಗಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆದರೆ ಅದೇ ಮೇಷ್ಟ್ರು ಅರ್ಧ ಗಂಟೆ ಆಟ ನಿಲ್ಲಿಸಿದ್ದೂ ಹೌದು. ಈ ಪುಸ್ತಕದಲ್ಲಿ ಎಲ್ಲದಕ್ಕೂ ರೂಲ್ ಇದೆ, ಇಕ್ಕಟ್ಟಿನ ಜಾಗದಲ್ಲಿ ತೂರುವುದಕ್ಕೂ ಇದೆ, ಹೆಸರು ಸ್ಕ್ವೀಝ್. ಅಕ್ರೋಬ್ಯಾಟಿಕ್ಸ್ ಚೆಕ್, ಅಂದರೆ ಮೈ ಬಳುಕಿಸಲು ಆಗುತ್ತಾ ಅಂತ ನೋಡುವ ಡೈಸ್, ಗೆದ್ದರೂ 5 ಅಡಿಗೆ ಒಂದು ನಿಮಿಷ. ಒಂದು ರೌಂಡ್ ಅಂದರೆ ಆರು ಸೆಕೆಂಡ್. ಅಂದರೆ ಒಬ್ಬ ಸೈನಿಕ 5 ಅಡಿ ತೂರುವಷ್ಟರಲ್ಲಿ ಹತ್ತು ರೌಂಡ್, ಅಷ್ಟರಲ್ಲಿ ಅಕ್ಕನಿಗೆ ಮೂವತ್ತು ಆ್ಯಕ್ಷನ್! "ಓಬವ್ವ ಊಟ ಮಾಡಿ, ಪಾತ್ರೆ ತೊಳೆದು ಬಂದು ಹೊಡೆಯಬಹುದಿತ್ತು" ಅಂದರು ಭಾವ. ನಾನು ಆ ರೂಲ್ ಪಕ್ಕಕ್ಕಿಟ್ಟು, ಕಿಂಡಿಯನ್ನು ಸುಮ್ನೆ ನಡೆಯಲು ಕಷ್ಟದ ಜಾಗ ಅಂದುಕೊಳ್ಳೋಣ ಅಂದೆ. ಮೇಷ್ಟ್ರು ಒಪ್ಪಿದರು, ಮನಸ್ಸಿಲ್ಲದೆ. ಹೊಡೆದಾಟ ಮುಗಿಯಲು ಒಂದು ಗಂಟೆ ನಲವತ್ತು ನಿಮಿಷ. ಆಟ ನಡೆಸುವವನಾಗಿ ನನಗೆ ಇದು ತುಂಬಾ ಇಷ್ಟವಾಯಿತು. ಎಷ್ಟು ವೈರಿಗಳನ್ನು ಇಟ್ಟರೆ ಎಷ್ಟು ಕಷ್ಟ ಅಂತ ಪುಸ್ತಕ ಹೇಳುತ್ತೆ, ಹೇಳಿದ ಹಾಗೇ ಆಗುತ್ತೆ. ಹುಡುಗಿ ಮಾತ್ರ "ಇನ್ನೊಂದು ಸಲ ಇದೇ ಆದರೆ ನನಗೆ ಇಂಟರ್ನಲ್ಸ್ ಇದೆ" ಅಂದಳು. ಯಾವ ತಾರೀಕು ಅಂತ ನಾನು ಇನ್ನೂ ಹೇಳಿರಲಿಲ್ಲ.

ಮೂರನೇದು ಶ್ಯಾಡೋಡಾರ್ಕ್. ಕೆಲ್ಸಿ ಡಿಯೋನ್ ಬರೆದದ್ದು, 2023ರ ಮಾರ್ಚ್‌ನಲ್ಲಿ, ಜನರಿಂದ ದುಡ್ಡು ಸೇರಿಸುವ ಕಿಕ್‌ಸ್ಟಾರ್ಟರ್ ವೆಬ್‌ಸೈಟ್‌ನಲ್ಲಿ, 13 ಲಕ್ಷ ಡಾಲರ್‌ಗೂ ಜಾಸ್ತಿ ಎತ್ತಿತು. ಶುರು ಮಾಡಲು ಬೇಕಾದಷ್ಟು ಬಿಟ್ಟಿ ಪಿಡಿಎಫ್‌ನಲ್ಲೇ ಇದೆ. ಇಲ್ಲಿ ಪಾತ್ರದ ಒಂದೊಂದು ಗುಣಕ್ಕೂ 3ಡಿ6, ಅಂದರೆ ಆರು ಮುಖದ ಮೂರು ಡೈಸ್, ಹಾಕಿ ಬಂದದ್ದನ್ನು ಬಂದ ಸಾಲಿನಲ್ಲೇ ಬರೆದುಕೊಳ್ಳಬೇಕು. ಅಕ್ಕನಿಗೆ ಸ್ಟ್ರೆಂಗ್ತ್ 9, ಕರಿಸ್ಮಾ 15, ಎಚ್‌ಪಿ 3. "ಲೇ, ಇವಳು ಒನಕೆ ಎತ್ತೋದೇ ಅನುಮಾನ" ಅಂದಳು. ಎತ್ತಿದರೂ ಆ ಥರದ ದೊಣ್ಣೆಗೆ ಇಲ್ಲಿ ಬರೀ 1ಡಿ4.

ಈ ಆಟದ ಜೀವ ಇರೋದು ಪಂಜಿನಲ್ಲಿ. ಒಂದು ಪಂಜು ಒಂದು ಗಂಟೆ ಉರಿಯುತ್ತೆ, ಆಟದೊಳಗಿನ ಗಂಟೆಯಲ್ಲ, ನಮ್ಮ ಗೋಡೆ ಗಡಿಯಾರದ ಗಂಟೆ. ಕತ್ತಲಲ್ಲಿ ಆಟಗಾರರಿಗೆ ಕಣ್ಣು ಕಾಣಲ್ಲ, ವೈರಿಗಳಿಗೆ ಕಾಣುತ್ತೆ. ನಾನು ಫೋನಿನಲ್ಲಿ 60 ನಿಮಿಷ ಇಟ್ಟು ಮೇಜಿನ ನಡುವೆ ಮಗುಚಿಟ್ಟೆ. ಅಷ್ಟೇ, ಎಲ್ಲರ ಮಾತಿನ ವೇಗವೇ ಬದಲಾಯಿತು. ಯಾರೂ ಫೋನ್ ಮುಟ್ಟಲಿಲ್ಲ. ಮೇಷ್ಟ್ರೂ ಪುಸ್ತಕ ಕೇಳಲಿಲ್ಲ.

ಇನ್ನೊಂದು ವಿಷಯ, ವೈರಿಗಳನ್ನು ಕೊಂದರೆ ಎಕ್ಸ್‌ಪಿ, ಅಂದರೆ ಲೆವೆಲ್ ಏರಿಸುವ ಅಂಕ, ಇಲ್ಲ. ಭಂಡಾರ ತಂದರೆ ಉಂಟು. ಹಾಗಿದ್ದ ಮೇಲೆ ಕಿಂಡಿಯಲ್ಲಿ ನಿಂತು ಹೊಡೆದಾಡೋದು ಯಾಕೆ ಅಂತ ಹುಡುಗಿ ಕೇಳಿದಳು. ಆರು ವರ್ಷದಲ್ಲಿ ನಮ್ಮ ಮೇಜಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅಕ್ಕ ತಡೆಯುತ್ತಾಳೆ, ಉಳಿದವರು ಹೊರುತ್ತಾರೆ ಅಂತ ನಿರ್ಧಾರವಾಯಿತು. ಅಕ್ಕ ಮೊದಲ ಇಬ್ಬರನ್ನು ಕೆಡವಿದಳು. ಮೂರನೆಯವನ ಕತ್ತಿಗೆ ಬಿದ್ದಳು. ಬಿದ್ದವರು ಎಷ್ಟು ರೌಂಡ್ ಉಸಿರು ಹಿಡಿದಿರುತ್ತಾರೆ ಅನ್ನೋದಕ್ಕೂ ಡಿ4, ಬಂದದ್ದು 2. ಭಾವ ಓಡಿ ಬಂದು ಇಂಟೆಲಿಜೆನ್ಸ್ ಚೆಕ್ ಹಾಕಿದರು, 15 ಬೇಕಿತ್ತು, 11 ಬಿತ್ತು. ಮತ್ತೆ ಹಾಕಿದರು, 6. ಮಹಡಿ ಮೇಲೆ ಪಿನ್ ಬಿದ್ದರೂ ಕೇಳಿಸುವಷ್ಟು ಮೌನ. ಸ್ವಂತ ಹೆಂಡತಿ ಸತ್ತಳಲ್ಲ, ಭಾವ ನಿಜವಾಗಿಯೂ ಪೆಚ್ಚಾಗಿ ಕೂತರು.

ಆಮೇಲೆ ಹುಡುಗಿ ಕಿಂಡಿಗೆ ಎಣ್ಣೆ ಸುರಿದು ಬೆಂಕಿ ಇಟ್ಟಳು. ಹನ್ನೆರಡರಲ್ಲಿ ಆರು ಹೋದವು. ವೈರಿಗಳು ಅರ್ಧಕ್ಕೆ ಇಳಿದರೆ ವಿಸ್ಡಮ್ ಚೆಕ್ ಹಾಕಬೇಕು, ತಪ್ಪಿದರೆ ಓಟ. ಓಡಿದರು. ಇಷ್ಟಕ್ಕೆ ಒಟ್ಟು 25 ನಿಮಿಷ. ಅಷ್ಟರಲ್ಲಿ ಅಕ್ಕ ಐದೇ ನಿಮಿಷದಲ್ಲಿ ಹೊಸ ಕ್ಯಾರೆಕ್ಟರ್ ಬರೆದು ಮುಗಿಸಿದ್ದಳು. "ಯಾರಮ್ಮ ಇವನು?" ಅಂದೆ. "ಅವಳ ಗಂಡ, ಕಾವಲುಗಾರ. ಊಟ ಮುಗಿಸಿ ಈಗ ಬಂದ" ಅಂದಳು. ನಕ್ಕು ನಕ್ಕು ಮೇಷ್ಟ್ರಿಗೆ ಕೆಮ್ಮು ಬಂತು. ಓಬವ್ವನ ಕಥೆ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಕೊರತೆ ಇಲ್ಲ ಅಂತಲ್ಲ. ಕ್ಯಾರೆಕ್ಟರ್ ಮೇಲೆ ಪ್ರೀತಿ ಬೆಳೆಯುವ ಮುಂಚೆಯೇ ಸಾಯುತ್ತೆ. ಎರಡು ವರ್ಷದ ಕ್ಯಾಂಪೇನ್‌ಗೆ ಇದು ತಡೆಯುತ್ತಾ ಅಂತ ನನಗೆ ಅನುಮಾನ ಇದೆ. ಫೈಟರ್ ಆದವನಿಗೆ ಟರ್ನ್ ಬಂದಾಗ ಮಾಡಲು ಹೆಚ್ಚೇನೂ ಇಲ್ಲ, ಹೊಡೆಯೋದು, ಇಲ್ಲ ತಲೆ ಓಡಿಸೋದು.

ಕೊನೆಗೆ ಡ್ಯಾಗರ್‌ಹಾರ್ಟ್, 2025ರ ಮೇನಲ್ಲಿ ಬಂದದ್ದು. ಡಿ20 ಬದಲು ಎರಡು ಬಣ್ಣದ ಎರಡು ಡಿ12. ಒಂದು ಹೋಪ್, ಇನ್ನೊಂದು ಫಿಯರ್. ಎರಡನ್ನೂ ಕೂಡಿಸಿ ಗೆದ್ದಿರೋ ಸೋತಿರೋ ನೋಡಬೇಕು, ಯಾವುದು ದೊಡ್ಡದು ಅಂತಲೂ ನೋಡಬೇಕು. ಎರಡೂ ಒಂದೇ ಬಂದರೆ ಕ್ರಿಟಿಕಲ್, ಹನ್ನೆರಡಕ್ಕೆ ಒಂದು ಸಲ. ನಮ್ಮ ಹತ್ತಿರ ಡಿ12 ಇದ್ದದ್ದೇ ಮೂರು, ಯಾಕೆಂದರೆ ಹಳೇ ಆಟದಲ್ಲಿ ಅದಕ್ಕೆ ಕೆಲಸ ಕಡಿಮೆ. ಪಾತ್ರಗಳ ಸಾಮರ್ಥ್ಯ ಬರೆದಿರುವ ಕಾರ್ಡ್‌ಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಹಾಳೆಯ ಮೇಲೆ ತೆಗೆಸಿದೆವು, ಮಿರ್ಚಿ ಎಣ್ಣೆ ತಾಗಿ ಎರಡು ಆಗಲೇ ಪಾರದರ್ಶಕ ಆಗಿವೆ.

ಅಕ್ಕನ ಮೊದಲ ಏಟು ಬಿತ್ತು, ಆದರೆ ಫಿಯರ್ ದೊಡ್ಡದು. ಅಂದರೆ ಗೆಲುವೂ ಹೌದು, ತೊಂದರೆಯೂ ಹೌದು, ಆಟ ನನ್ನ ಕೈಗೆ. "ಸೈನಿಕ ಸತ್ತ, ಒನಕೆ ನಡುವೆ ಸೀಳು ಬಿಟ್ಟಿತು" ಅಂದೆ. ಆಮೇಲೆ, "ಕಿಂಡಿಯಲ್ಲಿ ಮುಂದೆ ಕಾಣುವ ಮುಖ ನಿನಗೆ ಗೊತ್ತಿರೋದು, ಯಾರದು?" ಅಂತ ಕೇಳಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ತಮ್ಮ" ಅಂದಳು, ನನ್ನನ್ನೇ ನೋಡಿಕೊಂಡು. ಇಂಥದ್ದು ಬೇರೆ ಆಟದಲ್ಲೂ ಮಾಡಬಹುದು, ನಿಜ. ಆದರೆ ಅಲ್ಲಿ ಮಾಡಬೇಕು ಅಂತ ಹೊಳೆಯಲ್ಲ, ಇಲ್ಲಿ ಡೈಸೇ ಕೇಳುತ್ತೆ.

ತೊಂದರೆ ಏನಂದರೆ ಇಲ್ಲಿ ಟರ್ನ್ ಇಲ್ಲ. ಯಾರು ಬೇಕಾದರೂ ಯಾವಾಗ ಬೇಕಾದರೂ. ಭಾವ ಮಾತಿನ ಮಲ್ಲ, ಸತತ ನಾಲ್ಕು ಸಲ ಅವರೇ ಆಡಿದರು. ಹುಡುಗಿ ಇಪ್ಪತ್ತು ನಿಮಿಷ ಬಾಯಿ ಬಿಡಲಿಲ್ಲ. ಪುಸ್ತಕದಲ್ಲೇ ಒಂದು ಉಪಾಯ ಇದೆ, ಬೇಕಿದ್ದವರು ಬಳಸಬಹುದು: ಒಬ್ಬೊಬ್ಬರಿಗೆ ಮೂರು ಟೋಕನ್, ಆಡಿದಾಗೊಂದು ಖರ್ಚು, ಎಲ್ಲರದ್ದೂ ಮುಗಿದ ಮೇಲೆ ಮತ್ತೆ ಮೂರು. ಚೌಕಾಬಾರದ ಡಬ್ಬಿಯಿಂದ ಹುಣಸೆ ಬೀಜ ತಂದು ಹಂಚಿದೆ, ಸರಿಹೋಯಿತು. ಮೇಷ್ಟ್ರಿಗೆ ಮಾತ್ರ ಹಿಡಿಸಲಿಲ್ಲ. ಏಟಿನ ಸಂಖ್ಯೆಯನ್ನು ಮಿತಿಗಳ ಜೊತೆ ಹೋಲಿಸಿ ಒಂದೋ ಎರಡೋ ಮೂರೋ ಎಚ್‌ಪಿ ಗುರುತು ಹಾಕಬೇಕು. "ಕೊನೆಗೆ ಎರಡೇ ಅನ್ನೋದಾದರೆ ಇಷ್ಟೊಂದು ಕೂಡಿಸಿದ್ದು ಯಾಕೆ?" ಅಂತ ಅವರ ಸಿಟ್ಟು.

ಹಾಗಾದರೆ ಯಾವುದು? ಹೊಸಬರು ಮೂರು ಜನ ಬಂದು ಕೂತರೆ ನಾನು ಇವತ್ತಿಗೂ ಡಿ ಅಂಡ್ ಡಿಯನ್ನೇ ತೆಗೆಯುತ್ತೇನೆ, ಕಲಿಸೋದಕ್ಕೆ ಅದೇ ಸಲೀಸು. ಪಾಥ್‌ಫೈಂಡರ್ ನನ್ನ ಮನಸ್ಸಿನದ್ದು, ಆದರೆ ಅದಕ್ಕೆ ಮೇಷ್ಟ್ರಂಥವರು ನಾಲ್ವರು ಬೇಕು, ನನಗಿರೋದು ಒಬ್ಬರೇ. ಡ್ಯಾಗರ್‌ಹಾರ್ಟ್ ಬಗ್ಗೆ ಅಕ್ಕ ಈಗಲೂ ಕೇಳುತ್ತಿರುತ್ತಾಳೆ, ಅವಳ ತಮ್ಮನ ಕಥೆ ಅರ್ಧಕ್ಕೇ ನಿಂತಿದೆ. ಭಾನುವಾರದ ಮೂರು ಗಂಟೆಗೆ ಮಾತ್ರ ಶ್ಯಾಡೋಡಾರ್ಕ್ ಅಂತ ನಾಲ್ಕು ಕೈ ಎದ್ದವು. ಐದನೇದು ಮೇಷ್ಟ್ರದ್ದು. ಅವರೂ ಒಂದು ಷರತ್ತಿನ ಮೇಲೆ ಒಪ್ಪಿದ್ದಾರೆ: ಮಂಡಕ್ಕಿ ಮೆಣಸಿನಕಾಯಿ ತಟ್ಟೆ ಮೇಲೆ ಬಂದಾಗ ಪಂಜಿನ ಟೈಮರ್ ನಿಲ್ಲಿಸಬೇಕು. ನಾನು ಆಗಲ್ಲ ಅಂದಿದ್ದೇನೆ. ಹೋದ ವಾರ ಬಾಯಲ್ಲಿ ಮೆಣಸಿನಕಾಯಿ ಇಟ್ಟುಕೊಂಡೇ ಡೈಸ್ ಹಾಕಿದರು.