ರಾಜ್ಯಶಾಸ್ತ್ರ ಪದವಿ: ಶುಲ್ಕ ಹಗುರ, ಕಾಯುವ ವರ್ಷಗಳು ಭಾರ

ಹಾಸನದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದಿ ನಾನು 2018ರಲ್ಲಿ ಬಿ.ಎ. ಮುಗಿಸಿದೆ; ಬಳಿಕ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅದೇ ವಿಷಯದಲ್ಲಿ ಎಂ.ಎ. ಮಾಡಿದೆ. ಪ್ರತಿ ವರ್ಷ ಪಿಯುಸಿ ಫಲಿತಾಂಶ ಬಂದ ಮೇಲೆ ಹಳೇಬೀಡಿನ ಸುತ್ತಮುತ್ತಲ ನೆಂಟರಲ್ಲಿ ಯಾರಾದರೊಬ್ಬರು, ಈ ಪದವಿಗೆ ಹಾಕಿದ ದುಡ್ಡು ಮರಳಿ ಬರುತ್ತದೆಯೇ ಎಂದು ಕೇಳುತ್ತಾರೆ. ನನ್ನ ಅನುಭವದ ಮಟ್ಟಿಗೆ ಈ ಪ್ರಶ್ನೆಗೆ ಲೆಕ್ಕ ಸಮೇತ ಉತ್ತರಿಸಲು ಪ್ರಯತ್ನಿಸಿದ್ದೇನೆ.

ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುವ ಉದ್ದನೆಯ ಪುಸ್ತಕದ ಕೊನೆಯ ಹಾಳೆಗಳಲ್ಲಿ ಅಪ್ಪ ನನ್ನ ಓದಿನ ಖರ್ಚನ್ನೂ ಬರೆದಿಡುತ್ತಿದ್ದರು. ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ, ಬಸ್ ಪಾಸು, ಪುಸ್ತಕ, ಜೆರಾಕ್ಸ್ ಎಲ್ಲ ಸೇರಿ ಬಿ.ಎ.ಯ ಮೂರು ವರ್ಷಕ್ಕೆ ಮೂವತ್ತನಾಲ್ಕು ಸಾವಿರ ರೂಪಾಯಿ ಆಗಿತ್ತು. ಅದೇ ಹಾಳೆಯ ಎಡಭಾಗದಲ್ಲಿ ಒಂದು ಮುಂಗಾರಿಗೆ ತಂದ ಆಲೂಗಡ್ಡೆ ಬಿತ್ತನೆ ಬೀಜದ ಲೆಕ್ಕವಿದ್ದು, ಅದು ನನ್ನ ಮೂರು ವರ್ಷದ ಓದಿಗಿಂತ ದೊಡ್ಡ ಮೊತ್ತವಾಗಿತ್ತು. ಈಗ ಸೇರುವವರಿಗೆ ಖರ್ಚು ಇನ್ನೂ ಹಗುರವಾಗಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಗಿದೆ. 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿಯನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟು ಮೂರು ವರ್ಷಕ್ಕೆ ಮರಳಿದೆ.

ಆದರೆ ಅಪ್ಪನ ಪುಸ್ತಕದಲ್ಲಿ ಬರೆಯದೆ ಉಳಿದ ಖರ್ಚೇ ದೊಡ್ಡದು. ನನ್ನ ದೊಡ್ಡಪ್ಪನ ಮಗ ಡಿಪ್ಲೊಮಾ ಮುಗಿಸಿ ಇಪ್ಪತ್ತನೇ ವಯಸ್ಸಿಗೆ ಬಿಡದಿಯ ಕಾರ್ಖಾನೆಯೊಂದಕ್ಕೆ ಸೇರಿದ. ನನಗೆ ಮೊದಲ ಸಂಬಳ ಬಂದದ್ದು ಇಪ್ಪತ್ತೈದು ತುಂಬಿದ ಮೇಲೆ. ಆ ಐದು ವರ್ಷಗಳ ದುಡಿಮೆಯೇ ಈ ಪದವಿಯ ನಿಜವಾದ ಬೆಲೆ, ಮತ್ತು ಸೇರುವಾಗ ಅದನ್ನು ಯಾರೂ ನಮಗೆ ಹೇಳುವುದಿಲ್ಲ.

ಈ ಓದಿನ ತುದಿಯಲ್ಲಿರುವ ಸಂಬಳಗಳು ಚಿಕ್ಕವಲ್ಲ. ಸರ್ಕಾರಿ ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರ ಮೂಲವೇತನ 57,700 ರೂಪಾಯಿಯಿಂದ ಆರಂಭವಾಗುತ್ತದೆ. ಆದರೆ ಅದಕ್ಕೆ ಎಂ.ಎ.ಯಲ್ಲಿ ಸಾಮಾನ್ಯ ವರ್ಗದವರು ಶೇ. 55 ಅಂಕ ಪಡೆದು, ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿ, ಅಧಿಸೂಚನೆಗಾಗಿ ಕಾಯಬೇಕು. 2021ರ ಅಧಿಸೂಚನೆಯಲ್ಲಿ ಎಲ್ಲ ವಿಷಯಗಳಿಗೂ ಸೇರಿ ಇದ್ದದ್ದು 1,242 ಹುದ್ದೆಗಳು. ಪಿಯು ಉಪನ್ಯಾಸಕರಾಗಲು ಎಂ.ಎ. ಜೊತೆಗೆ ಬಿ.ಎಡ್. ಬೇಕು, ಅಂದರೆ ಮತ್ತೆರಡು ವರ್ಷ. ಅತಿಥಿ ಉಪನ್ಯಾಸಕರ ಗೌರವಧನವನ್ನು 2022ರ ಜನವರಿಯಲ್ಲಿ ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ 26 ಸಾವಿರದಿಂದ 32 ಸಾವಿರದವರೆಗೆ ಏರಿಸಲಾಯಿತು. ಆ ವರ್ಷವೇ ನಾನೂ ಅತಿಥಿ ಉಪನ್ಯಾಸಕ ಕೆಲಸಕ್ಕೆ ಸೇರಿದೆ. ಮೊತ್ತಕ್ಕಿಂತ ನನ್ನನ್ನು ಕಾಡಿದ್ದು ತರಗತಿ ಮುಗಿದ ಕೂಡಲೇ ನಿಂತುಹೋಗುವ ಸಂಬಳ. ಆ ತಿಂಗಳುಗಳಲ್ಲಿ ಮನೆ ನಡೆದದ್ದು ಅಪ್ಪನ ಹಾಲಿನ ದುಡ್ಡಿನಿಂದ.

ಬಿ.ಎ. ಒಂದರಿಂದಲೇ ತಲುಪಬಹುದಾದ ಹುದ್ದೆಗಳನ್ನು ನಮ್ಮ ಕಡೆಯ ವಿದ್ಯಾರ್ಥಿಗಳು ಕಡೆಗಣಿಸುತ್ತಾರೆಂಬುದು ನನ್ನ ಕೊರಗು. ಪ್ರಥಮ ದರ್ಜೆ ಸಹಾಯಕರ ವೇತನ ಶ್ರೇಣಿ ಏಳನೇ ವೇತನ ಆಯೋಗದ ಪರಿಷ್ಕರಣೆಗೆ ಮುಂಚೆಯೇ 27,650ರಿಂದ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯದು 37,900ರಿಂದ ಆರಂಭವಾಗುತ್ತಿತ್ತು. ಸಂವಿಧಾನ, ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೇ ತಿದ್ದುಪಡಿ, 1993ರ ಪಂಚಾಯತ್ ರಾಜ್ ಕಾಯ್ದೆ ಇವೆಲ್ಲ ನಮ್ಮ ಪಠ್ಯದಲ್ಲೇ ಇರುವುದರಿಂದ, ಬೇರೆ ವಿಷಯದವರು ಹೊಸದಾಗಿ ಕಲಿಯುವುದನ್ನು ನಾವು ನೆನಪಿಸಿಕೊಂಡರೆ ಸಾಕು. ಆದರೆ ಮಾನಸಿಕ ಸಾಮರ್ಥ್ಯ, ಕಂಪ್ಯೂಟರ್ ಮತ್ತು ಇಂಗ್ಲಿಷ್ ನಮ್ಮನ್ನು ಎಡವಿಸುತ್ತವೆ. ಪದವಿಯಲ್ಲಿ ಇವುಗಳ ತಯಾರಿ ತೀರಾ ಕಡಿಮೆ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಈ ವಿಷಯಕ್ಕೆ ಐಚ್ಛಿಕವಾಗಿ 500 ಅಂಕಗಳಿವೆ ಎಂಬ ಒಂದೇ ಕಾರಣಕ್ಕೆ ಬಿ.ಎ. ಸೇರುವವರೂ ಇದ್ದಾರೆ, ಅವರು ರಾಜ್ಯ ಆಡಳಿತ ಸೇವೆಯ (ಕೆಎಎಸ್) ಮುಖ್ಯ ಪರೀಕ್ಷೆಯಿಂದ ಐಚ್ಛಿಕ ವಿಷಯವನ್ನೇ ತೆಗೆದುಹಾಕಿರುವುದನ್ನು ಗಮನಿಸಬೇಕು. ಇನ್ನು ರಾಜಕೀಯಕ್ಕೆ ಈ ಓದೇ ದಾರಿ ಎನ್ನುವವರಿಗೆ, ನಮ್ಮ ಜಿಲ್ಲೆಯಿಂದ 1996ರಲ್ಲಿ ಪ್ರಧಾನಿಯಾದ ದೇವೇಗೌಡರು ಓದಿದ್ದು ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಎಂಬುದನ್ನು ನೆನಪಿಸುತ್ತೇನೆ.

ನಾನು ಮಾಡಿದ ತಪ್ಪು ಖರ್ಚು ಒಂದೇ. ಎಂ.ಎ. ಆದ ಮೇಲೆ ಬೆಂಗಳೂರಿನ ವಿಜಯನಗರದ ಒಂದು ತರಬೇತಿ ಕೇಂದ್ರಕ್ಕೆ ಅರವತ್ತು ಸಾವಿರ ಕಟ್ಟಿದೆ. ಅಲ್ಲಿ ಸಿಕ್ಕ ರಾಜ್ಯಾಂಗದ ನೋಟ್ಸಿನಲ್ಲಿ, ಬಿ.ಎ. ಎರಡನೇ ವರ್ಷದಲ್ಲಿ ನಮ್ಮ ಮೇಡಂ ಬೋರ್ಡಿನ ಮೇಲೆ ಬರೆಸಿದ್ದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ಎರಡು ಪದವಿಗಳಿಗೂ ಆಗದಷ್ಟು ಬೇಸರ ನನಗೆ ಆ ರಸೀದಿಯನ್ನು ನೋಡಿದಾಗ ಆಗುತ್ತದೆ.

ಸಂಬಳದ ಲೆಕ್ಕಕ್ಕೆ ಸೇರದ ಒಂದು ಗಳಿಕೆಯನ್ನೂ ಹೇಳಬೇಕು. ನಮ್ಮ ಜಮೀನಿನ ಪೋಡಿ (ಅಳತೆ ಮಾಡಿ ಭಾಗ ಬೇರ್ಪಡಿಸುವ) ಅರ್ಜಿ ಎರಡು ವರ್ಷ ಮೇಜಿನಿಂದ ಮೇಜಿಗೆ ಅಲೆಯುತ್ತಿತ್ತು. ಅಪ್ಪ ಹೋಗಿಬಂದ ದಿನಗಳ ಕೂಲಿ, ಬಸ್ ಚಾರ್ಜು ಎಲ್ಲ ಅದೇ ಪುಸ್ತಕದಲ್ಲಿವೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂದು ತರಗತಿಯಲ್ಲಿ ಓದಿದ್ದನ್ನು ನಂಬಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಕಡತ ಯಾರ ಬಳಿ ಎಷ್ಟು ದಿನದಿಂದ ಇದೆ ಎಂದು ಒಂದೇ ಪುಟದಲ್ಲಿ ಕೇಳಿದೆ. ಇಪ್ಪತ್ತೇಳನೇ ದಿನ ಉತ್ತರ ಬಂತು. ಅದರ ಹಿಂದೆಯೇ ಸರ್ವೆಯವರು ಬಂದು ಕಲ್ಲು ನೆಡಿಸಿ ಹೋದರು.

ಬಿ.ಎ. ಪದವಿಯನ್ನು, ಸರ್ಕಾರಿ ಕಾಲೇಜಿನಲ್ಲಿ ಸಿಗುವ ಬೆಲೆಗೆ, ಹಿಂಜರಿಯದೆ ತೆಗೆದುಕೊಳ್ಳಿ ಎನ್ನುತ್ತೇನೆ. ಎಂ.ಎ.ಯನ್ನು ಮಾತ್ರ, ಪಾಠ ಹೇಳುವುದೇ ತಮ್ಮ ಕೆಲಸವೆಂದು ತೀರ್ಮಾನಿಸಿದವರು ಮಾಡಲಿ. ಏನು ಮಾಡುವುದೆಂದು ತೋಚದೆ ಸೇರುವವರಿಗೆ ಅದು ಎರಡು ವರ್ಷ ಮುಂದೂಡಿದ ಪ್ರಶ್ನೆಯಷ್ಟೇ ಆಗುತ್ತದೆ. ಈ ಜೂನ್‌ನಲ್ಲಿ ನನ್ನ ತಂಗಿ ಇದೇ ವಿಷಯ ಆರಿಸಿಕೊಂಡು ಅರ್ಜಿ ಹಾಕಿದ್ದಾಳೆ, ಜೊತೆಗೆ ಸಂಜೆಯ ಕಂಪ್ಯೂಟರ್ ತರಗತಿಗೂ ಸೇರಿದ್ದಾಳೆ. ಅಪ್ಪನ ಪುಸ್ತಕದಲ್ಲಿ ಅವಳ ಹೆಸರಿನ ಹಾಳೆಗೆ ನಾನೇ ಗೆರೆ ಹಾಕಿ, ಶುಲ್ಕದ ಪಕ್ಕದಲ್ಲಿ ‘ಪದವಿಯ ನಂತರ ಕಾಯಬಹುದಾದ ವರ್ಷ’ ಎಂದು ಇನ್ನೊಂದು ಮನೆ ಮಾಡಿ, ಅವಳನ್ನು ಕೂರಿಸಿಕೊಂಡು ಅದರಲ್ಲಿ ಎರಡು ಎಂದು ಬರೆಸಿದ್ದೇನೆ.