ಅಮೊರ್ಟೇರಿಂಗ್ ಅಂದರೆ ಅಮಾರ್ಟೈಸೇಷನ್ ಅಲ್ಲ: ಅರ್ಧ ಸಂಭಾವನೆ ಹೋದ ಮೇಲೆ ಗೊತ್ತಾಯಿತು

ಸ್ವೀಡಿಷ್ ಕಂಪನಿಗಳ ಲೆಕ್ಕಪತ್ರವನ್ನು ಇಂಗ್ಲಿಷಿಗೆ ಅನುವಾದ ಮಾಡುವ ಕೆಲಸ ಸಿಕ್ಕಿದೆಯಾ? ಕೈ ಹಾಕುವ ಮುಂಚೆ ನನ್ನ ಕತೆ ಕೇಳಿ.

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಾಲ್ಕು ವರ್ಷ ಇದ್ದು ಬಂದವಳು ನಾನು. ಭಾಷೆ ಬರುತ್ತದಲ್ಲ ಎಂಬ ಧೈರ್ಯದ ಮೇಲೆ, ಹಲಗೆ ಕೊಯ್ಯುವ ಒಂದು ಮಿಲ್ಲಿನ ವಾರ್ಷಿಕ ವರದಿ ಒಪ್ಪಿಕೊಂಡೆ. ಅದನ್ನು ಓದುವವರು ಲಂಡನ್ನಿನಲ್ಲಿ ಮಿಲ್ಲಿಗೆ ಸಾಲ ಕೊಡಲು ಕೂತಿದ್ದವರು.

ಸಾಲದ ಟಿಪ್ಪಣಿಯಲ್ಲಿ ಒಂದು ಸಾಲು. ‘ಅಮೊರ್ಟೇರಿಂಗ್’, ಎದುರಿಗೆ 12,5 ಮಿಲಿಯನ್ ಕ್ರೋನ. (ಅವರು ದಶಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ. ಪುಣ್ಯಕ್ಕೆ ಅದೊಂದನ್ನು ಸರಿಯಾಗಿ ಬದಲಿಸಿದ್ದೆ.) ಇಂಗ್ಲಿಷಿನ ಅಮಾರ್ಟೈಸೇಷನ್ನಿಗೆ ಒಡಹುಟ್ಟಿದ ಹಾಗೆ ಕಾಣುತ್ತದೆ ಅಲ್ವಾ? ಸುಮ್ನೆ ಹಾಗೇ ಬರೆದುಬಿಟ್ಟೆ.

ಸ್ವೀಡಿಷ್‌ನಲ್ಲಿ ಅದು ಸಾಲದ ಅಸಲು ತೀರಿಸುವುದು. ಖಾತೆಯಿಂದ ನಿಜವಾದ ದುಡ್ಡು ಹೋಗುತ್ತದೆ. ಬಡ್ಡಿ ಅದರಲ್ಲಿ ಸೇರಿಲ್ಲ, ಅದಕ್ಕೆ ‘ರೆಂತಾ’ ಎಂಬ ಬೇರೆ ಪದ ಇದೆ. ಸಾಲದ ಜೊತೆ ಸೇರಿಸಿ ಹೇಳಿದರೆ ಇಂಗ್ಲಿಷಿನ ಪದಕ್ಕೂ ಆ ಅರ್ಥ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಲೆಕ್ಕಪತ್ರದಲ್ಲಿ ಅದು ಒಂಟಿಯಾಗಿ ನಿಂತರೆ, ಓದುವವರಿಗೆ ಹೊಳೆಯುವುದು ಪೇಟೆಂಟ್, ಸಾಫ್ಟ್‌ವೇರ್ ಬೆಲೆಯನ್ನು ವರ್ಷ ವರ್ಷ ಕಳೆಯುವ ಲೆಕ್ಕ. ಬರೀ ಕಾಗದದ ಮೇಲಿನ ಖರ್ಚು. ಸ್ವೀಡಿಷ್‌ನಲ್ಲಿ ಅದರ ಹೆಸರೇ ಬೇರೆ, ‘ಆವ್‌ಸ್ಕ್ರೀವ್ನಿಂಗ್’. ಲಂಡನ್ನಿನವರು ಆ 1.25 ಕೋಟಿ ಕ್ರೋನವನ್ನು ಎಬಿಟ್ಡಾಗೆ (ಬಡ್ಡಿ, ತೆರಿಗೆ ಮತ್ತು ಇಂಥ ಕಾಗದದ ಮೇಲಿನ ಖರ್ಚು ಕಳೆಯುವ ಮುಂಚಿನ ಲಾಭಕ್ಕೆ) ಕೂಡಿಸಿಕೊಂಡರು. ಮಿಲ್ಲು ಇದ್ದದ್ದಕ್ಕಿಂತ ಜಾಸ್ತಿ ದುಡಿಯುವ ಹಾಗೆ ಕಂಡಿತು.

ಹೊಟ್ಟೆ ಉರಿಯುವುದು ಏನೆಂದರೆ, ಕನ್ನಡದಲ್ಲಿ ಯೋಚಿಸಿದ್ದರೆ ನಾನು ಬೀಳುತ್ತಲೇ ಇರಲಿಲ್ಲ. ಸೊಸೈಟಿ ಸಾಲದ ಪಾಸ್‌ಬುಕ್ ಹಿಡಿದು ‘ಅಸಲಿಗೆ ಎಷ್ಟು ಹೋಯಿತು, ಬಡ್ಡಿಗೆ ಎಷ್ಟು?’ ಎಂದು ಅಪ್ಪ ಕೇಳುತ್ತಿದ್ದರಲ್ಲ, ಅದೇ ಲೆಕ್ಕ ಇದು.

ಇನ್ನೊಂದು ಎಡವಟ್ಟು ‘ಫೋರ್‌ಲಾಗ್ಸ್‌ಲೋನ್’. ಫೋರ್‌ಲಾಗ್ ಅಂದರೆ ಪುಸ್ತಕದ ಪ್ರಕಾಶನ ಅಂತಲೂ ಅರ್ಥ. ಅನುವಾದದ ಸಾಫ್ಟ್‌ವೇರ್ ‘ಪಬ್ಲಿಷರ್ಸ್ ಲೋನ್’ ಅಂದಿತು, ನಾನೂ ತಲೆಯಾಡಿಸಿದೆ. ಹಲಗೆ ಮಿಲ್ಲಿಗೆ ಪುಸ್ತಕದವರು ಯಾಕೆ ಸಾಲ ಕೊಡುತ್ತಾರೆ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ! ಅದು ಸಬಾರ್ಡಿನೇಟೆಡ್ ಸಾಲ. ಕಂಪನಿ ದಿವಾಳಿಯಾದರೆ ಸಾಲ ಕೊಟ್ಟ ಉಳಿದವರಿಗೆಲ್ಲ ತೀರಿಸಿದ ಮೇಲೆ ಏನಾದರೂ ಮಿಕ್ಕಿದ್ದರೆ ಸಿಗುವಂಥದ್ದು. ಹೀಗೇ, ಇಂಗ್ಲಿಷಿನ ಆಬ್ಲಿಗೇಷನ್ (ಬಾಧ್ಯತೆ) ಅಕ್ಷರಗಳಲ್ಲೇ ಬರೆಯುವ ಪದಕ್ಕೆ ಅಲ್ಲಿ ಬಾಂಡ್, ಅಂದರೆ ಸಾಲಪತ್ರ ಎಂಬ ಅರ್ಥ. ‘ಬಿಲ್ಯೂನ್’ ಅಂದರೆ ಟ್ರಿಲಿಯನ್. ಬಿಲಿಯನ್ನಿಗೆ ಅವರು ‘ಮಿಲ್ಯಾರ್ಡ್’ ಅನ್ನುತ್ತಾರೆ.

ತಪ್ಪು ಹಿಡಿದದ್ದು ಮಿಲ್ಲಿನ ಲೆಕ್ಕದವರು. ಬ್ಯಾಲೆನ್ಸ್ ಶೀಟಿನಲ್ಲಿ ಬ್ಯಾಂಕ್ ಸಾಲ ಹೋದ ವರ್ಷಕ್ಕಿಂತ ಸರಿಯಾಗಿ 12.5 ಮಿಲಿಯನ್ ಇಳಿದಿತ್ತು. ಆ ಪುಟವನ್ನೂ ಅನುವಾದ ಮಾಡಿದ್ದು ನಾನೇ.

ಈಗ ಕೆಲಸ ಶುರು ಮಾಡುವ ಮುಂಚೆ, ಸ್ವೀಡನ್ನಿನ ಷೇರುಪೇಟೆಯಲ್ಲಿರುವ ಯಾವುದಾದರೂ ದೊಡ್ಡ ಕಂಪನಿಯ ಸ್ವೀಡಿಷ್ ಮತ್ತು ಇಂಗ್ಲಿಷ್ ವರದಿ ಎರಡನ್ನೂ ತೆರೆದು, ಸಾಲದ ಟಿಪ್ಪಣಿಯನ್ನು ಸಾಲು ಸಾಲಾಗಿ ಹೋಲಿಸುತ್ತೇನೆ. ಅರ್ಧ ದಿನ ಹಿಡಿಯುತ್ತದೆ, ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಕೆಲಸ ಕೊಡಿಸಿದ್ದ ಏಜೆನ್ಸಿ ಅರ್ಧ ಸಂಭಾವನೆ ಹಿಡಿದುಕೊಂಡಿತು. ಮಿಕ್ಕಿದ್ದು ಇನ್ನೂ ಬಂದಿಲ್ಲ.