ಲ್ಯಾಪ್‌ಟಾಪಿಗೆ ಮ್ಯಾಗ್ನೆಟಿಕ್ ಚಾರ್ಜಿಂಗ್ ಕೇಬಲ್ ತಗೊಳ್ಳುವವರು ಇದೊಮ್ಮೆ ಓದಿ

ಈಗ ಮಂಗಳೂರಲ್ಲಿ ಯಾವ ಮೊಬೈಲ್ ಅಂಗಡಿಗೆ ಹೋದ್ರೂ ನೇತು ಹಾಕಿರ್ತಾರಲ್ಲಾ, ತುದಿಯಲ್ಲಿ ಆಯಸ್ಕಾಂತ ಇರುವ ಟೈಪ್-ಸಿ ಕೇಬಲ್ (ತುದಿಯ ಸಣ್ಣ ತುಂಡು ಬೇರೆಯಾಗಿ ಪೋರ್ಟಲ್ಲೇ ಕೂತಿರ್ತದೆ, ಕೇಬಲ್ ಬಂದು ಅದಕ್ಕೆ ಅಂಟುದು), ಅದನ್ನು ದಯವಿಟ್ಟು ಲ್ಯಾಪ್‌ಟಾಪಿಗೆ ಹಾಕ್ಬೇಡಿ ಮಾರಾಯ್ರೇ. ಟ್ಯಾಬಿಗೂ ಬೇಡ. ನನ್ನ ಲ್ಯಾಪ್‌ಟಾಪಿನ ಚಾರ್ಜಿಂಗ್ ಪೋರ್ಟ್ ಸುಟ್ಟು ಹೋಗಿ ಬೋರ್ಡ್ ರಿಪೇರಿಗೆ 8,500 ರೂಪಾಯಿ ಕೊಟ್ಟಾಯ್ತು, ಕೇಬಲ್ ಮಾರಿದವರು ಹೇಳುದು ಅದಕ್ಕೂ ನಮ್ಗೂ ಸಂಬಂಧವೇ ಇಲ್ಲ ಅಂತ. ಸಿಟ್ಟಲ್ಲೇ ಬರೀತಾ ಇದ್ದೇನೆ, ಹಿಂದೆ ಮುಂದೆ ಆದ್ರೆ ಸುಧಾರಿಸ್ಕೊಳ್ಳಿ.

ಹಂಪನಕಟ್ಟೆ ಕಡೆಯ ಅಂಗಡಿ. ಮನೆಯಲ್ಲಿ ಸಣ್ಣ ಮಗ ಓಡಾಡುವಾಗ ವಯರಿಗೆ ಕಾಲು ಸಿಕ್ಕಿ ಲ್ಯಾಪ್‌ಟಾಪ್ ಕೆಳಗೆ ಬೀಳ್ಬಾರ್ದು, ಅದಕ್ಕೆ ಎಂತಾದ್ರೂ ಉಂಟಾ ಅಂತ ಕೇಳಿದ್ದು ನಾನು. ಲ್ಯಾಪ್‌ಟಾಪಿಗೆ ಅಂತ ಸ್ಪಷ್ಟವಾಗಿ ಹೇಳಿದ್ದೇನೆ, ಚಾರ್ಜರ್ 65 ವ್ಯಾಟಿದ್ದು ಅಂತ್ಲೂ ಹೇಳಿದ್ದೇನೆ. ಆ ಜನ "ಅಕ್ಕ ಇದು ತಗೊಳ್ಳಿ, 100 ವ್ಯಾಟ್, ಆಪಲ್ ಲ್ಯಾಪ್‌ಟಾಪಿದ್ದು ಆಯಸ್ಕಾಂತದ ಚಾರ್ಜರ್, ಮ್ಯಾಗ್‌ಸೇಫ್ ಉಂಟಲ್ಲಾ, ಸೇಮ್ ಅದೇ ಟೆಕ್ನಾಲಜಿ" ಅಂದ್ರು. ತನ್ನ ಮೊಬೈಲಿಗೆ ತುದಿ ಸಿಕ್ಕಿಸಿ, ಕೇಬಲ್ ಹತ್ರ ತಂದು ಟಕ್ ಅಂತ ಅಂಟಿಸಿ ತೋರಿಸಿದ್ರು, ಕೇಬಲಿನ ಸಣ್ಣ ಡಿಸ್‌ಪ್ಲೇಯಲ್ಲಿ ನಂಬರ್ ಬಂತು. 850 ರೂಪಾಯಿ. ಬಿಲ್ ಬೇಕು ಅಂತ ಒತ್ತಾಯ ಮಾಡಿದ್ಮೇಲೆ ಕೊಟ್ರು.

ಸ್ವಲ್ಪ ದಿನ ಸಮ ಇತ್ತು. ಒಂದು ಸಂಜೆ ಕೆಲಸ ಮಾಡ್ತಾ ಲ್ಯಾಪ್‌ಟಾಪ್ ಸ್ವಲ್ಪ ಈಚೆ ಸರಿಸಿದ್ದಷ್ಟೇ, ಕೇಬಲ್ ಪೂರ್ತಿ ಬಿಡ್ಲಿಲ್ಲ, ಓರೆಯಾಗಿ ಅಂಟಿಕೊಂಡಿತ್ತು, ಚಟ್ ಅಂತ ಸದ್ದು, ಪ್ಲಾಸ್ಟಿಕ್ ಸುಟ್ಟ ವಾಸನೆ. ಆಮೇಲೆ ಒರಿಜಿನಲ್ ಚಾರ್ಜರ್ ಹಾಕಿದ್ರೂ ಚಾರ್ಜ್ ಇಲ್ಲ.

ರಿಪೇರಿಯವರು ಒಳ್ಳೆ ಜನ, ಮೈಕ್ರೋಸ್ಕೋಪಿನ ಕೆಳಗಿಟ್ಟು ತೋರಿಸಿದ್ರು. ತುದಿಯಲ್ಲಿ ಸಾಲಾಗಿ ಚಿನ್ನದ ಬಣ್ಣದ ಚುಕ್ಕಿ ಚುಕ್ಕಿ ಪಿನ್, ಅದ್ರಲ್ಲಿ ಪಕ್ಕಪಕ್ಕದ ಎರಡು ಕಪ್ಪಾಗಿ, ನಡುವಿನ ಪ್ಲಾಸ್ಟಿಕ್ ಗುಳ್ಳೆ ಎದ್ದಿತ್ತು. ಒಂದು ಮೂಲೆಯಲ್ಲಿ ಕಬ್ಬಿಣದ ಪುಡಿ, ಆಯಸ್ಕಾಂತ ಅಲ್ವಾ, ಬ್ಯಾಗಲ್ಲಿ ಮೇಜಲ್ಲಿ ಇದ್ದದ್ದನ್ನೆಲ್ಲ ಎಳ್ಕೊಳ್ತದೆ. ಅವರು ಹೇಳಿದ್ದು ಇಷ್ಟು: ಟೈಪ್-ಸಿಯಲ್ಲಿ 24 ಪಿನ್ ಉಂಟು, ಕರೆಂಟ್ ಬರುವ ಪಿನ್ ಪಕ್ಕದಲ್ಲೇ ಸಿಸಿ ಅಂತ ಒಂದು ಪಿನ್, ಎಷ್ಟು ವೋಲ್ಟ್ ಬೇಕು ಅಂತ ಚಾರ್ಜರ್ ಜೊತೆ ಮಾತಾಡುದು ಅದ್ರಲ್ಲೇ. ಮಾಮೂಲಿ ಕೇಬಲ್ ನೇರ ಹೊರಗೆ ಬರ್ತದೆ, ಸಿಸಿ ಮೊದಲು ಬಿಡ್ತದೆ, ಚಾರ್ಜರ್ ವೋಲ್ಟೇಜ್ ಕಟ್ ಮಾಡ್ತದೆ. ಈ ಆಯಸ್ಕಾಂತದ್ದು ಹಾಗಲ್ಲ, ಪಿನ್ ಎಲ್ಲ ಹೊರಗೇ ಬಿಟ್ಟುಕೊಂಡಿರ್ತದೆ, ಓರೆಯಾದ್ರೆ 20 ವೋಲ್ಟ್ ಸೀದಾ ಪಕ್ಕದ ಪಿನ್ನಿಗೆ ಹೋಗ್ತದೆ, ಆ ಪಿನ್ನಿನ ಹಿಂದೆ ಇರುದು ಸಣ್ಣ ವೋಲ್ಟೇಜಿನ ಚಿಪ್, ತಡೀಲಿಕ್ಕಿಲ್ಲ. ನಮ್ಮೂರಿನ ಉಪ್ಪು ಗಾಳಿಗೆ, ಮಳೆಗಾಲದ ತೇವಕ್ಕೆ ಹೊರಗಿರುವ ಪಿನ್ ಬೇಗ ಹಾಳಾಗುದು ಬೇರೆ.

ಮ್ಯಾಗ್‌ಸೇಫ್ ಅಂತ ಹೇಳಿ ಮಾರ್ತಾರಲ್ಲಾ, ಅದೇ ನಂಗೆ ಜಾಸ್ತಿ ಹೊಟ್ಟೆ ಉರಿಯುದು. ಆಪಲ್‌ನವರು 2006ರಲ್ಲಿ ಅದನ್ನು ತಂದದ್ದು ಲ್ಯಾಪ್‌ಟಾಪಿನ ಪೋರ್ಟನ್ನೇ ಅದಕ್ಕೆ ಬೇಕಾದ ಹಾಗೆ ಮಾಡಿ, ಮಧ್ಯೆ ನಿಲ್ಲಿಸಿ 2021ರಲ್ಲಿ ಮತ್ತೆ ತಂದದ್ದೂ ಹಾಗೆಯೇ. ಟೈಪ್-ಸಿ ತೂತಿಗೆ ಒಂದು ತುಂಡು ಸಿಕ್ಕಿಸುದು ಅದಲ್ಲ. ಟೈಪ್-ಸಿ ನಿಯಮ ಮಾಡಿದವರೇ ಇಂಥ ತುಂಡನ್ನು ಒಪ್ಪಿಲ್ಲ. ಇನ್ನು 100 ವ್ಯಾಟ್ ಅಂದ್ರೆ 20 ವೋಲ್ಟ್ 5 ಆಂಪಿಯರ್, 3 ಆಂಪಿಯರ್ ದಾಟ್ಬೇಕಾದ್ರೆ ಕೇಬಲ್ ಒಳಗೆ ಇ-ಮಾರ್ಕರ್ ಅಂತ ಚಿಪ್ ಇರ್ಲೇಬೇಕು. ರಿಪೇರಿಯವರು ಟೆಸ್ಟರಿಗೆ ಹಾಕಿ ನೋಡಿದ್ರೆ ನನ್ನ ಕೇಬಲಲ್ಲಿ ಆ ಚಿಪ್ಪೇ ಇಲ್ಲ! ಡಬ್ಬದ ಮೇಲೆ ಮಾತ್ರ ದೊಡ್ಡದಾಗಿ 100 ವ್ಯಾಟ್.

ಅಂಗಡಿಗೆ ವಾಪಸ್ ಹೋದೆ. "ಅಕ್ಕ, ಇಷ್ಟು ಪೀಸ್ ಹೋಗಿದೆ, ಒಂದು ಕಂಪ್ಲೇಂಟ್ ಇಲ್ಲ." ಸುಟ್ಟ ತುದಿ ತೋರಿಸಿದೆ. "ನಿಮ್ಮ ಲ್ಯಾಪ್‌ಟಾಪಿದೇ ಪ್ರಾಬ್ಲಂ ಇರ್ಬೇಕು." ನೀವೇ ಅಲ್ವಾ ಲ್ಯಾಪ್‌ಟಾಪಿಗೆ ಆಗ್ತದೆ ಅಂದದ್ದು ಅಂದ್ರೆ "ಆಗ್ತದೆ ಅಂದದ್ದು ಹೌದು, ಆದ್ರೆ ನೋಡಿ ಹಾಕ್ಬೇಕಲ್ಲಾ." ಎಂತ ನೋಡುದು? ಅಲ್ಲಿದ್ದ ಗಿರಾಕಿಗಳ ಕಡೆ ತಿರುಗಿ "ಕೆಲವ್ರಿಗೆ ಯೂಸ್ ಮಾಡ್ಲಿಕ್ಕೇ ಗೊತ್ತಿಲ್ಲ" ಅಂತ ನಗಾಡಿದ್ರು, ನನಗೆ ಮುಖವೆಲ್ಲ ಬಿಸಿಯಾಯ್ತು, ಎಲ್ರೂ ನನ್ನನ್ನೇ ನೋಡ್ತಾ ಇದ್ರು.

ಆಗ ಕಣ್ಣಿಗೆ ಬಿದ್ದದ್ದು ಅವರ ಕೌಂಟರಿನ ಬಿಲ್ಲಿಂಗ್ ಲ್ಯಾಪ್‌ಟಾಪ್. ಅದಕ್ಕೆ ಹಾಕಿದ್ದು ಎಂತ? ಕಂಪನಿಯದ್ದೇ ದಪ್ಪ ಮಾಮೂಲಿ ಕೇಬಲ್. ತಲೆ ಮೇಲೆ ಗೋಡೆ ತುಂಬ ಮ್ಯಾಗ್ನೆಟಿಕ್ ಕೇಬಲ್ ನೇತಾಡ್ತಾ ಉಂಟು, ತನ್ನ ಲ್ಯಾಪ್‌ಟಾಪಿಗೆ ಒಂದೂ ಇಲ್ಲ! ನನಗೆ ಡೆಮೋ ತೋರಿಸಿದ್ದೂ ಮೊಬೈಲಲ್ಲಿ, ಲ್ಯಾಪ್‌ಟಾಪಲ್ಲಿ ಅಲ್ಲ. ಗೊತ್ತಿದ್ದೇ ಮಾರಿದ್ದು ಅಂತ ಆಗ ಖಾತ್ರಿ ಆಯ್ತು. ನೀವ್ಯಾಕೆ ಹಾಕಿಲ್ಲ ಅಂತ ಕೇಳಿದ್ದಕ್ಕೆ "ಅದು ಓನರ್‌ದು, ನಂಗೆ ಗೊತ್ತಿಲ್ಲ."

ಓನರಿಗೆ ವಾಟ್ಸ್ಯಾಪ್ ಮಾಡಿದ್ರೆ ಬಂದ ಉತ್ತರ "ಕೇಬಲಿಗೆ ಮಾತ್ರ ವಾರಂಟಿ, ಬೇರೆ ಪೀಸ್ ಕೊಡುವ". ಪುನಃ ಅದೇ ಕೇಬಲ್! ಅದೂ ಆಗ್ಬೇಕಾದ್ರೆ ಸುಟ್ಟದ್ದನ್ನು ತಂದು ಕೊಡಿ, ಕಂಪನಿಗೆ ಕಳಿಸ್ತೇವೆ ಅಂತೆ. ಯಾವ ಕಂಪನಿ ಅಂತ ಕೇಳಿದ್ಮೇಲೆ ಉತ್ತರ ಇಲ್ಲ, ಡಬ್ಬದ ಮೇಲೆ ತಯಾರಿಸಿದವರ ಹೆಸರೂ ಇಲ್ಲ, ತರಿಸಿದವರ ವಿಳಾಸವೂ ಇಲ್ಲ.

"ಮಾರಿದ ಮಾಲು ವಾಪಸ್ ಇಲ್ಲ" ಅಂತ ಬಿಲ್ಲಲ್ಲಿ ಅಚ್ಚು ಹಾಕಿದ್ರೆ ಹೆದರ್ಬೇಡಿ. 2019ರ ಗ್ರಾಹಕ ಕಾಯ್ದೆಯಲ್ಲಿ ದೋಷ ಇರುವ ಮಾಲು ವಾಪಸ್ ತಗೊಳ್ಳದಿದ್ರೆ ಅದು ಅನುಚಿತ ವ್ಯಾಪಾರ, ಬಿಲ್ಲಲ್ಲಿ ದಿನ ಹೇಳದಿದ್ರೆ 30 ದಿನ ಅಂತ ಲೆಕ್ಕ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಾಗಿದೆ, ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುದೇ.

ಈಗಾಗ್ಲೇ ತಗೊಂಡವ್ರು ಇವತ್ತೇ ಆ ತುದಿ ಕಿತ್ತು ತೆಗೀರಿ. ಸುಟ್ಟು ಹೋಗಿದ್ರೆ ಫೋಟೋ ತೆಗೆದಿಟ್ಟುಕೊಳ್ಳಿ, ರಿಪೇರಿಯವರ ಹತ್ರ ಕಾರಣ ಬರೆಸಿಕೊಳ್ಳಿ, ಅಂಗಡಿಯವರು ಎಷ್ಟು ಸಮಾಧಾನದಲ್ಲಿ ಕೇಳಿದ್ರೂ ಆ ಸುಟ್ಟ ತುಂಡು ಮಾತ್ರ ಅವರ ಕೈಗೆ ಕೊಡ್ಬೇಡಿ.